ಎರಡು ದಿನ, ಒಂದೇ ಹೊಟ್ಟೆ

(ಬಸವನಗುಡಿಯ ಕಟ್ಟೆ. ರಾಯರು, ಮಲ್ಲೇಶ್ವರದ ಮಂಜ. ಫೋನಿನ ಸ್ಪೀಕರಿನಲ್ಲಿ ಹುಬ್ಬಳ್ಳಿಯ ಬಸಣ್ಣ.)

ಬಸಣ್ಣ: ಹತ್ತ ಹೋಟೆಲ್ ಬರದ ಕಳಿಸೇನ್ರಿ ರಾಯರ. ಶನಿವಾರ ಮುಂಜಾನೆ ಬೆಂಗಳೂರಾಗ ಇಳಿಯೋದು, ರವಿವಾರ ರಾತ್ರಿ ಗಾಡಿ ಹತ್ತೋದು. ಆಗತೈತಲ್ಲ?

ರಾಯರು: ಹೋಟೆಲ್ ಹತ್ತು ಸರಿ. ಹೊಟ್ಟೆ ಎಷ್ಟು ತರ್ತಿದ್ದೀರಿ?

ಮಂಜ: ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರ್ ಅಂತ ಬರ್ದಿದೀಯಲ್ಲ ಬಸಣ್ಣ, ಅವತ್ತು ಅಲ್ಲಿ ರಜೆ. ಹಾಕಿದ ಬಾಗಿಲಿಗೆ ಕೈ ಮುಗಿದು ಬರಬೇಕು ಅಷ್ಟೇ.

ರಾಯರು: ಮೊದಲು ರಜೆ ನೋಡ್ಕೋಬೇಕು ಕಣಯ್ಯ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿನ್ಸ್‌ಗೆ ಭಾನುವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶುಕ್ರವಾರ ಆಫೀಸಿಗೆ ಚಕ್ಕರ್ ಹೊಡೆದು ಬಂದೋರು ಅಲ್ಲೇ ಬಜಾರಿನಲ್ಲಿ ಎರಡು ಮೊಳ ಹೂವು ಕೊಂಡು ವಾಪಸ್ ಹೋಗ್ತಾರೆ.

ಬಸಣ್ಣ: ಹಂಗಾರ ಶನಿವಾರ ಎಲ್ಲಿಂದ ಸುರು ಮಾಡೋದ್ರೀ?

ಮಂಜ: ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೋ ಹತ್ತು. ಚಿಕ್ಕಪೇಟೆ, ಮಾರ್ಕೆಟ್, ಮೂರನೇದು ನ್ಯಾಷನಲ್ ಕಾಲೇಜು. ಅಲ್ಲಿ ಇಳಿದು ಶಂಕರಪುರಕ್ಕೆ ಆಟೋ. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ನಿಂತ್ಕೊಂಡೇ ತಿನ್ನೋದು.

ಬಸಣ್ಣ: ಸಾಂಬಾರ್ ಇಲ್ಲಂದ್ರ ಚಲೋನ ಆತು ಬಿಡ್ರಿ. ನಿಮ್ಮೂರ ಸಾಂಬಾರಿನಾಗ ಬೆಲ್ಲಾ ಹಾಕಿ ಪಾಯಸಾ ಮಾಡಿರ್ತೀರಿ.

ರಾಯರು: ಬೆಲ್ಲ ಹುಣಸೆಹಣ್ಣಿನ ಚುರುಕು ತಗ್ಗಿಸೋಕೆ ಸ್ವಾಮಿ. ನಿಮ್ಮ ಮೆಣಸಿನಕಾಯಿ ಬಜಿಗೆ ಏನು ಹಾಕಿದ್ರೂ ತಗ್ಗೋದಿಲ್ಲ, ಅದು ಬೇರೆ ವಿಷಯ. ಈಗ ಕೇಳಿ, ಚಟ್ನಿಗೆ ಮರುಳಾಗಬೇಡಿ. ಕೇಳಿದಷ್ಟು ಸಲ ಹಾಕ್ತಾರೆ, ಆದ್ರೆ ಕಾಯಿ ಹೊಟ್ಟೇಲಿ ಕಲ್ಲಿನ ಹಾಗೆ ಕೂತ್ಕೊಳ್ಳುತ್ತೆ. ತಲೆಗೆ ಒಂದು ಇಡ್ಲಿ, ಇಬ್ಬರಿಗೆ ಒಂದು ವಡೆ. ವಡೆ ಮೇಲೆ ಚಟ್ನಿ ಸುರಿಸ್ಕೋಬೇಡಿ, ಎರಡು ನಿಮಿಷಕ್ಕೆ ಗರಿಗರಿ ಹೋಗಿ ಸ್ಪಂಜಾಗುತ್ತೆ. ಪಕ್ಕಕ್ಕೆ ಹಾಕಿಸಿ ಅದ್ದಿ ತಿನ್ನಿ.

ಬಸಣ್ಣ: ಒಂದ ಇಡ್ಲಿ ತಿನ್ನಾಕ ನಾನೂರು ಕಿಲೋಮೀಟರ್ ಬರಬೇಕೇನ್ರೀ!

ರಾಯರು: ಮುಂದೆ ದೋಸೆ ಇದೆಯಲ್ಲಪ್ಪ. ಗಾಂಧಿ ಬಜಾರಿಗೆ ನಡೆದೇ ಹೋಗಿ, ಇಡ್ಲಿ ಇಳಿಯುತ್ತೆ. ವಿದ್ಯಾರ್ಥಿ ಭವನ 1943ರದ್ದು. ಪೇಪರ್ ದೋಸೆ ನಿರೀಕ್ಷೆ ಇಟ್ಕೊಂಡು ಹೋಗಬೇಡಿ. ಮೇಲೆ ಕೆಂಪಗೆ ಗರಿ, ಒಳಗೆ ಮೆತ್ತಗೆ, ದಪ್ಪ. ಚಟ್ನಿ ನೀರು ನೀರಾಗಿರುತ್ತೆ, ಅದು ತಪ್ಪಲ್ಲ, ಆ ದೋಸೆ ಹೀರ್ಕೊಳ್ಳೋದೇ ಹಾಗೆ.

ಮಂಜ: ಎರಡನೇ ದೋಸೆ ಬೇಕಾದ್ರೆ ಮೊದಲನೇದು ಮೇಜಿಗೆ ಬಂದ ಕೂಡಲೇ ಹೇಳ್ಬಿಡು. ಅಲ್ಲಿ ಒಂದೊಂದಾಗಿ ಹುಯ್ಯಲ್ಲ, ದೊಡ್ಡ ಕಲ್ಲಿನ ತುಂಬ ಒಂದೇ ಸಲ. ಆ ಸುತ್ತು ತಪ್ಪಿದ್ರೆ ಇನ್ನೊಂದು ಸುತ್ತಿನ ತನಕ ಬಾಯಿ ಚಪ್ಪರಿಸ್ತಾ ಕೂತಿರ್ಬೇಕು. ಮಾಣಿ ಕೈ ಮೇಲೆ ತಟ್ಟೆ ಪೇರಿಸ್ಕೊಂಡು ಬರೋದು ಆ ಸುತ್ತಿನ ದೋಸೆನೇ.

ಬಸಣ್ಣ: ನಡುವ ನೀರ ಹೊಡದು ಪೊರಕಿ ಆಡಸ್ತಾರಲ್ಲ, ಅದ್ಯಾಕ್ರೀ?

ರಾಯರು: ಕಾವು ಹದಕ್ಕೆ ತರೋಕೆ. ಕಲ್ಲಿನ ಕಾವು ಏರಿದ್ರೆ ಹಿಟ್ಟು ಹರಡೋ ಮೊದಲೇ ಹಿಡ್ಕೊಂಡು ಸೌಟಿನ ಜೊತೆ ಎದ್ದು ಬರುತ್ತೆ. ಇಳಿದ್ರೆ ಕಲ್ಲಿಗೆ ಅಂಟುತ್ತೆ. ಮನೇಲಿ ದೋಸೆ ಹರಿಯೋದು ಇದೇ ಕಾರಣಕ್ಕೆ, ನಾವು ಬೈಯೋದು ಮಾತ್ರ ಹಿಟ್ಟನ್ನ.

ಬಸಣ್ಣ: ನಾಲ್ಕ ದೋಸಿ ಪಾರ್ಸಲ್ ಕಟ್ಟಿಸ್ಕೊಂಡು...

ರಾಯರು: ಕೂಡದು! ಪೊಟ್ಟಣದೊಳಗೆ ಹಬೆ ನೀರಾಗುತ್ತೆ, ಹತ್ತು ನಿಮಿಷಕ್ಕೆ ದೋಸೆ ಒದ್ದೆ ಟವಲ್ಲು. ಅಂಥಾದ್ದು ತಿಂದು ಹೋಟೆಲಿನ ಹೆಸರು ಕೆಡಿಸಬೇಡಿ.

ಮಂಜ: ಮಧ್ಯಾಹ್ನ ಮಿಲಿಟರಿ ಹೋಟೆಲ್, ದೊನ್ನೆ ಬಿರಿಯಾನಿ.

ಬಸಣ್ಣ: ನಾ ಮುಟ್ಟಂಗಿಲ್ಲಪಾ. ಸಂಗಾಟ ಭಾವ ಬರತಾನ, ಅವಂಗ ಹೇಳು.

ಮಂಜ: ಭಾವಂಗೆ ಹೇಳು, ಬಾಸುಮತಿ ಹುಡುಕಬೇಡ ಅಂತ. ಸಣ್ಣ ಕಾಳಿನ ಜೀರಿಗೆ ಸಾಂಬಾ ಅಕ್ಕಿ, ಕೊತ್ತಂಬರಿ-ಪುದೀನ ರುಬ್ಬಿದ ಹಸಿರು ಮಸಾಲೆ. ತಡ ಮಾಡಿದ್ರೆ ಹಂಡೆ ತಳ ಕಾಣುತ್ತೆ. ಪಕ್ಕದೋರ ಮುದ್ದೆ ನೋಡಿ ಆಸೆಗೆ ಅದನ್ನೂ ಹೇಳಿದ್ರೆ ಸಂಜೆ ತಿಂಡಿ ಬೀದಿ ಮರೆತುಬಿಡಲಿ.

ರಾಯರು: ವಿ.ವಿ. ಪುರಂ ತಿಂಡಿ ಬೀದಿಗೆ ಕತ್ತಲಾದ ಮೇಲೇ ಹೋಗಬೇಕು, ಹಗಲು ಬರೀ ರಸ್ತೆ. ಎಣ್ಣೆ ಹೊಗೆ ಆಡ್ತಿರೋ ಬಾಣಲಿ ಕಂಡ್ರೆ ಮುಂದಕ್ಕೆ ಹೋಗಿ. ನಿಪ್ಪಟ್ಟು ಮಸಾಲೆ, ಕಾಂಗ್ರೆಸ್ ಕಡ್ಲೇಕಾಯಿ, ಕೊನೆಗೆ ಬಿಸಿ ಹೋಳಿಗೆ. ಜನವರಿಯಾದ್ರೆ ಕಣ್ಣು ಮುಚ್ಚಿ ಹಿತಕಿದ ಅವರೆಬೇಳೆ. ಕಾಳು ರಾತ್ರಿಯೆಲ್ಲ ನೆನೆಹಾಕಿ, ಒಂದೊಂದೇ ಹಿಸುಕಿ ಸಿಪ್ಪೆ ಬಿಡಿಸ್ಬೇಕು. ಒಂದು ಪಾವು ಬಿಡಿಸೋ ಹೊತ್ತಿಗೆ ಬೆರಳು ಸುಕ್ಕಾಗಿರುತ್ತೆ. ಹಾಗಾಗಿ ಬೇರೆಯವರು ಹಿತಕಿದ್ದನ್ನ ತಿನ್ನೋದೇ ಸುಖ.

ಮಂಜ: ಭಾನುವಾರ ಮಲ್ಲೇಶ್ವರ. ಮೆಟ್ರೋ ಏಳಕ್ಕೆ ಶುರು, ಮೆಜೆಸ್ಟಿಕ್‌ನಿಂದ ಒಂದೇ ಸ್ಟೇಷನ್ನು, ಸಂಪಿಗೆ ರಸ್ತೆ. ಮೊದಲು ಏಳನೇ ಕ್ರಾಸಿನ ಸಿಟಿಆರ್, ಬೆಣ್ಣೆ ಮಸಾಲೆ. ಒಂಬತ್ತಕ್ಕೆ ಹೋದ್ರೆ ಫುಟ್‌ಪಾತ್ ತುಂಬ ಜನ. ಆಮೇಲೆ ಮಾರ್ಗೋಸಾ ರಸ್ತೆ ಹಿಡಿದು ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್, ಇಡ್ಲಿ.

ರಾಯರು: ದೋಸೆ ಮೇಲೆ ಇಡ್ಲಿ! ಮಲ್ಲೇಶ್ವರದೋರಿಗೆ ಕ್ರಮವೇ ಗೊತ್ತಿಲ್ಲ.

ಮಂಜ: ಕ್ರಮ ಅಲ್ಲ ರಾಯರೇ, ಕ್ಯೂ. ಇಡ್ಲಿ ಕ್ಯೂ ಬೇಗ ಕರಗುತ್ತೆ, ದೋಸೆದು ಕರಗಲ್ಲ.

ಬಸಣ್ಣ: ಎಂಟಿಆರ್ ಎಲ್ಲಿ ಹೋತ್ರಿ?

ರಾಯರು: ಊಟ ಬೇಕೋ ರವೆ ಇಡ್ಲಿ ಬೇಕೋ ತೀರ್ಮಾನ ಮಾಡಿ. ಊಟದ ಹೊತ್ತಲ್ಲಿ ತಿಂಡಿ ಕೊಡಲ್ಲ. ನನ್ನ ಕೇಳಿದ್ರೆ ಮಧ್ಯಾಹ್ನ ಪಟ್ಟು ಹಿಡಿದು ಉಪವಾಸ ಇದ್ದು, ಸಂಜೆ ರವೆ ಇಡ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆ ಹಿಡಿದು ಮಾಡಿದ ತಿಂಡಿ, ಹುಟ್ಟಿದ ಮನೇಲೇ ತಿನ್ನಿ. ಸಾಗು ಜೊತೆ, ಮೇಲೆ ತುಪ್ಪ. ಆರೋಕೆ ಬಿಟ್ರೆ ರವೆ ಬಿಗಿದು ಗಂಟಲಿಗೆ ಹಿಡಿಯುತ್ತೆ.

ಬಸಣ್ಣ: ಹತ್ತರಾಗ ಆರ ಉಳದ್ವು. ಮತ್ತ ನಿಮಗಂತ ಧಾರವಾಡ ಪೇಢೆ ಎರಡ ಕಿಲೋ ತರಾಂವ ಇದ್ದೆ. ನಿಮ್ಮ ಹೊಟ್ಟಿ ಲೆಕ್ಕದಾಗ ಅದೂ ಜಾಸ್ತಿ ಆಗತೈತೇನೋ...

ರಾಯರು: ಪೇಢೆಗೆ ಲೆಕ್ಕ ಎಲ್ಲಿಂದ ಬಂತಯ್ಯ? ತನ್ನಿ, ತನ್ನಿ. ಸ್ಟೇಷನ್ನಿಗೆ ನಾನೇ ಬರ್ತೀನಿ.