ಓದುಗರ ಸ್ಪಂದನ: ಮೊದಲು ಹೋಗಬೇಕಾದವರು ಯಾರು?

ಕುಮಟಾದ ಸಹೋದರಿಗೆ ನಮಸ್ಕಾರ.

ಭಾನುವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೇಳುವ ದೈವಶಾಸ್ತ್ರಕ್ಕೂ, ಬೇಲಿಯ ತಕರಾರಿನಿಂದ ಆರು ವರ್ಷಗಳಿಂದ ಮೈದುನನ ಮನೆಯವರೊಂದಿಗೆ ಮಾತು ಬಿಟ್ಟಿರುವ ಬದುಕಿಗೂ ಏನು ಸಂಬಂಧ ಎಂದು ತಾವು ಕೇಳಿದ್ದೀರಿ. ಈ ಪ್ರಶ್ನೆ ನನ್ನನ್ನೂ ಕಾಡಿತ್ತು.

ಬೈತಖೋಲ್ ಬಂದರಿನಲ್ಲಿ ನನ್ನದೊಂದು ಬೋಟ್ ಇತ್ತು. ಒಂದು ಮೇ ತಿಂಗಳಲ್ಲಿ ಬಲೆ ಹರಿದ ನಷ್ಟವನ್ನು ಬೋಟಿನಲ್ಲಿ ದುಡಿಯುವ ಒಬ್ಬ ಖಲಾಸಿಯ ತಲೆಗೆ ಕಟ್ಟಿ, ಅವನ ಪಾಲಿನಲ್ಲಿ ಮುರಿದುಕೊಂಡೆ. ಜೂನ್ 1ರಿಂದ 61 ದಿನ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಹಣವೇ ಅವನ ಮನೆಯ ಮಳೆಗಾಲದ ಅಕ್ಕಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಭಾನುವಾರ ಪೂಜೆಯಲ್ಲಿ, ಪ್ರಭು ಕಲಿಸಿದ ಪ್ರಾರ್ಥನೆ ಮುಗಿದು, ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮುನ್ನ ಒಬ್ಬರಿಗೊಬ್ಬರು ಶಾಂತಿ ಕೋರುವಾಗ, ಪಕ್ಕದ ಸಾಲಿನಿಂದ ಅವನೇ ನನ್ನತ್ತ ತಿರುಗಿ ಕೈಮುಗಿದ. ಹಗ್ಗ ಉಜ್ಜಿ ಒಡೆದ ಅವನ ಬೆರಳುಗಳು ಕಂಡವು. ಪರಮಪ್ರಸಾದಕ್ಕೆ ಏಳಲು ನನಗೆ ಕಾಲು ಬರಲಿಲ್ಲ. ದೇವರು ನಮ್ಮಂತೆಯೇ ಮೈ ತಳೆದು ಬಂದನೆಂದು ನಂಬಿದ ಮೇಲೆ, ಆ ಬೆರಳಿನ ಕೂಲಿ ನನ್ನ ವಿಶ್ವಾಸದ ಹೊರಗಿನ ವಿಷಯವಾಗಲು ಹೇಗೆ ಸಾಧ್ಯ? ಮರುದಿನವೇ ಹಣ ಕೊಟ್ಟು ತಪ್ಪೊಪ್ಪಿಕೊಂಡೆ.

ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು ಎಂದು ಯೇಸು ಹೇಳುವುದು ನಮಗೆ ಸಹೋದರನ ಮೇಲೆ ಮುನಿಸಿದ್ದಾಗ ಅಲ್ಲ, ಅವನಿಗೆ ನಮ್ಮ ಮೇಲೆ ಮನಸ್ತಾಪವಿದೆಯೆಂದು ನೆನಪಾದಾಗ.

– ಓದುಗರೊಬ್ಬರು, ಕಾರವಾರ

ಪ್ರಿಯ ಸಹೋದರಿ,

ಕ್ಷಮೆಯೆಂದರೆ ಅನ್ಯಾಯವನ್ನು ನುಂಗಿಕೊಂಡು ಬೇಲಿ ಸರಿದಲ್ಲಿಯೇ ಇರಲೆಂದು ಬಿಡುವುದಲ್ಲ. ಈ ತಪ್ಪು ತಿಳಿವಳಿಕೆಯಿಂದ ನಮ್ಮ ಹೆಣ್ಣುಮಕ್ಕಳು ಬಹಳ ನೊಂದಿದ್ದಾರೆ. ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಸುಂಕ ವಸೂಲಿ ಮಾಡುವ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಆದರೆ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದದ್ದು ಅದಕ್ಕೂ ಮೊದಲು. ದೈವಶಾಸ್ತ್ರದಲ್ಲಿ ಕೃಪೆ ಎನ್ನುವುದು ಈ ಕ್ರಮಕ್ಕೇ. ಆದ್ದರಿಂದ ಲೆಕ್ಕ ತೀರಲೆಂದು ಕಾಯದೆ ಒಮ್ಮೆ ಮೈದುನನ ಅಂಗಳಕ್ಕೆ ಹೋಗಿ ಬನ್ನಿ. ಸರ್ವೆಯವರನ್ನು ಕರೆಸುವ ಅರ್ಜಿಗೆ ಆಮೇಲೆ ಇಬ್ಬರೂ ಕೂಡಿಯೇ ಸಹಿ ಹಾಕಬಹುದು.

– ಓದುಗರೊಬ್ಬರು, ಶಿರಸಿ