ಇವಿ ಹೆಚ್ಚಾದರೆ ನಮ್ಮ ಬೀದಿಯ ಟಿಸಿ ತಡೆದೀತೇ?

ಪ್ರಶ್ನೆ (ಕಾರವಾರ):
ನಮ್ಮ ಬೀದಿಯ ತುದಿಯಲ್ಲಿರುವ 100 ಕೆವಿಎ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಸುಮಾರು ಐವತ್ತು ಮನೆಗಳಿಗೆ ಕರೆಂಟ್ ಬರುತ್ತದೆ. ಕಳೆದ ಬೇಸಿಗೆಯಲ್ಲಿ ರಾತ್ರಿ ಎಂಟಾಗುತ್ತಲೇ ಸ್ಟೆಬಿಲೈಸರ್‌ನ ಮುಳ್ಳು 190ಕ್ಕೆ ಇಳಿದು, ಫ್ಯಾನು ಸೋತಂತೆ ತಿರುಗುತ್ತಿತ್ತು. ಈಗ ಬೀದಿಯಲ್ಲಿ ಒಂಬತ್ತು ಇ-ಸ್ಕೂಟರ್, ಎರಡು ಇ-ಕಾರುಗಳಿವೆ. 220 ಮೆಗಾವಾಟ್‌ನ ನಾಲ್ಕು ಘಟಕಗಳಿರುವ ಕೈಗಾ ಅಣು ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇರುವಾಗ ಚಿಂತೆ ಏಕೆ ಎಂದು ನೆರೆಯವರು ಕೇಳುತ್ತಾರೆ. ಐದು ವರ್ಷಗಳ ನಂತರದ ಲೋಡನ್ನು ಅಂದಾಜು ಮಾಡುವುದು ಹೇಗೆ?

ಉತ್ತರ (ಶಿರಸಿ):
ಕೈಗಾದಲ್ಲಿ ಎಷ್ಟೇ ವಿದ್ಯುತ್ ಹುಟ್ಟಲಿ, ನಿಮ್ಮ ಮನೆಗೆ ಅದು ಆ ಟಿಸಿಯನ್ನು ದಾಟಿಯೇ ಬರಬೇಕು. ದಿನಕ್ಕೆ 20 ಕಿ.ಮೀ. ಓಡುವ ಸ್ಕೂಟರಿಗೆ ಒಂದು ಯೂನಿಟ್ಟೂ ಬೇಕಾಗುವುದಿಲ್ಲ, 30 ಕಿ.ಮೀ. ಓಡುವ ಕಾರಿಗೆ ನಾಲ್ಕೈದು ಯೂನಿಟ್ ಸಾಕು. ತೊಂದರೆ ಇರುವುದು ಯೂನಿಟ್ಟಿನಲ್ಲಲ್ಲ, ಹೊತ್ತಿನಲ್ಲಿ. ಹದಿನೈದು ಕಾರುಗಳನ್ನು ಸಂಜೆ ಏಳಕ್ಕೆ 3.3 ಕಿಲೋವಾಟ್ ಚಾರ್ಜರ್‌ಗಳಿಗೆ ಒಟ್ಟಿಗೆ ಸಿಕ್ಕಿಸಿದರೆ ಟಿಸಿಯ ಅರ್ಧದಷ್ಟು ಶಕ್ತಿ ಅಲ್ಲಿಗೇ ಮುಗಿಯುತ್ತದೆ, ಅವುಗಳಲ್ಲಿ ಹೆಚ್ಚಿನವು ಒಂದೇ ಫೇಸಿನ (ಟಿಸಿಯಿಂದ ಹೊರಡುವ ಮೂರು ವಿದ್ಯುತ್ ತಂತಿಗಳಲ್ಲಿ ಒಂದರ) ಮೇಲಿದ್ದರಂತೂ ಟಿಸಿ ತುಂಬುವ ಮೊದಲೇ ಆ ಫೇಸಿನ ಮನೆಗಳ ವೋಲ್ಟೇಜ್ ಕುಸಿಯುತ್ತದೆ. ರಾತ್ರಿ ಹನ್ನೊಂದರ ನಂತರ ಚಾರ್ಜ್ ಮಾಡುವಂತೆ ಎಲ್ಲರಿಗೂ ಹೇಳಿ.

ಉತ್ತರ (ಕುಮಟಾ):
ಮೇಲಿನವರ ಲೆಕ್ಕ ಸರಿ, ಸಲಹೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಎಲ್ಲರೂ ಹನ್ನೊಂದಕ್ಕೇ ಟೈಮರ್ ಇಟ್ಟರೆ ಹನ್ನೊಂದಕ್ಕೆ ಇನ್ನೊಂದು ಪೀಕ್ ಹುಟ್ಟುತ್ತದೆ. ರಾತ್ರಿ ತಣ್ಣಗಾಗಬೇಕಿದ್ದ ಟಿಸಿ ಬಿಸಿಯಾಗಿಯೇ ಉಳಿದು, ಅದರೊಳಗಿನ ಇನ್ಸುಲೇಷನ್ ಬೇಗ ಹಾಳಾಗುತ್ತದೆ. ಸರದಿ ಬೇಕು.

ಅಂದಾಜಿಗೆ ಬಂದರೆ, ಕೆಎ-30 (ಕಾರವಾರ), ಕೆಎ-31 (ಶಿರಸಿ) ಆರ್‌ಟಿಒ ಕಚೇರಿಗಳಲ್ಲಿ ನೋಂದಣಿಯಾದ ಇವಿಗಳ ಸಂಖ್ಯೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ತಿಂಗಳವಾರು ಸಿಗುತ್ತದೆ. ಅದರ ಮೇಲೆ ನೇರ ಗೆರೆ ಎಳೆಯಬೇಡಿ. ಫ್ರಾಂಕ್ ಬಾಸ್ 1969ರಲ್ಲಿ ಕೊಟ್ಟ ಮಾದರಿಯಂತೆ, ಹೊಸ ವಸ್ತುವನ್ನು ಮೊದಲು ಕೆಲವರು ತಾವಾಗಿ ಕೊಳ್ಳುತ್ತಾರೆ, ಉಳಿದವರು ಅವರನ್ನು ನೋಡಿ ಕೊಳ್ಳುತ್ತಾರೆ. ಹಾಗಾಗಿ ಏರಿಕೆ ಮೊದಲು ನಿಧಾನ, ನಡುವೆ ಕಡಿದು, ಕೊನೆಗೆ ಮತ್ತೆ ನಿಧಾನ. ಸ್ಕೂಟರಿಗೂ ಕಾರಿಗೂ ಬೇರೆ ಬೇರೆ ವಕ್ರರೇಖೆ ಬರೆಯಿರಿ. ಜಿಲ್ಲೆಯ ಸರಾಸರಿಯನ್ನು ಬೀದಿಗೆ ಇಳಿಸುವುದೂ ತಪ್ಪು, ಏಕೆಂದರೆ ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗವಿರುವ ಮನೆಗಳ ಬೀದಿಯಲ್ಲೇ ಕಾರುಗಳು ಗುಂಪಾಗಿ ಬರುತ್ತವೆ.

ಪ್ರಶ್ನೆ ಕೇಳಿದವರು:
ಅಂಗಳವಿರುವ ಮನೆಗಳು ನಮ್ಮಲ್ಲಿ ಇಪ್ಪತ್ತೆರಡು. ನಾಳೆಯಿಂದ ಒಂದು ವಾರ, ಸಂಜೆ ಏಳರಿಂದ ಹನ್ನೊಂದರವರೆಗೆ, ಅರ್ಧ ಗಂಟೆಗೊಮ್ಮೆ ವೋಲ್ಟೇಜ್ ಬರೆದಿಟ್ಟು, ಯಾವ ಮನೆ ಯಾವ ಫೇಸಿನಲ್ಲಿದೆ ಎಂದು ಲೈನ್‌ಮನ್‌ರನ್ನು ಕೇಳಿ ಇಲ್ಲಿ ಹಾಕುತ್ತೇನೆ.