ಟಿಕೆಟಿನ ಹಿಂದಿನ ಚಿಲ್ಲರೆಯೋ, ಕಾರ್ಡಿನೊಳಗಿನ ಚಿಲ್ಲರೆಯೋ?

ಕೌಲ್‌ಬಜಾರ್ ಪ್ರಯಾಣಿಕ: ನಿನ್ನೆ ರಾಯಲ್ ವೃತ್ತದಲ್ಲಿ ಇಳಿಯುವ ಅವಸರದಲ್ಲಿ, ನಿರ್ವಾಹಕರು ಟಿಕೆಟಿನ ಹಿಂದೆ ಬರೆದುಕೊಟ್ಟಿದ್ದ ಎಂಟು ರೂಪಾಯಿ ಬಾಕಿಯನ್ನು ಕೇಳಲು ಮರೆತೆ. ಮಹಾನಗರಗಳಲ್ಲಿರುವಂತೆ ಬಳ್ಳಾರಿಯ ನಗರ ಸಾರಿಗೆ ಬಸ್ಸುಗಳಿಗೂ ಸ್ಮಾರ್ಟ್ ಕಾರ್ಡ್ ಬಂದರೆ ಈ ರಗಳೆ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಕಾರಣ ತಿಳಿಸಬೇಕು.

ಊರಿಗೆ ಮರಳಿದವನು: ನಾನು ಒಪ್ಪುವುದಿಲ್ಲ. ನಾಲ್ಕು ವರ್ಷ ಒಂದು ಮಹಾನಗರದ ಮೆಟ್ರೊದಲ್ಲಿ ಅಂಥ ಕಾರ್ಡ್ ಹಿಡಿದೇ ಓಡಾಡಿದ್ದೇನೆ. ಒಮ್ಮೆ ಫೋನಿನಿಂದ ಇನ್ನೂರು ರೂಪಾಯಿ ತುಂಬಿದೆ. ಬ್ಯಾಂಕಿನಲ್ಲಿ ಹಣ ಕಡಿತವಾಗಿತ್ತು, ಆ್ಯಪಿನಲ್ಲಿ ಜಮೆಯೂ ಕಾಣುತ್ತಿತ್ತು, ಆದರೆ ಗೇಟು ಕೆಂಪು ದೀಪ ತೋರಿಸಿ ಮುಚ್ಚಿಕೊಂಡೇ ಇತ್ತು, ಹಿಂದೆ ನಿಂತವರು ಗೊಣಗತೊಡಗಿದ್ದರು. ಗೇಟು ಓದುವುದು ಕಾರ್ಡಿನ ಚಿಪ್ಪಿನಲ್ಲಿ ಬರೆದಿರುವ ಮೊತ್ತವನ್ನು. ನಿಲ್ದಾಣದ ಯಂತ್ರಕ್ಕೆ ಹಿಡಿದು ಚಿಪ್ಪಿಗೆ ಬರೆಸಿಕೊಳ್ಳುವ ತನಕ ತುಂಬಿದ ಹಣ ಇದ್ದೂ ಇಲ್ಲದಂತೆ. 2019ರ ಮಾರ್ಚಿನಲ್ಲಿ ದೇಶಕ್ಕೆಲ್ಲ ಒಂದೇ ಎಂದು ಬಂದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡಿನ ಆಫ್‌ಲೈನ್ ವ್ಯಾಲೆಟ್ಟೂ, ಅಂದರೆ ಚಿಪ್ಪಿನಲ್ಲೇ ಹಣ ಇಟ್ಟುಕೊಳ್ಳುವ ಭಾಗವೂ, ಇದೇ ಬಗೆಯದು. ಅದರಲ್ಲಿ 2,000 ರೂಪಾಯಿವರೆಗೆ ಇಡಬಹುದು, ಬಳಸಲು ಪಿನ್ ಬೇಕಿಲ್ಲ. ಕಳೆದುಕೊಂಡರೆ ಜೇಬಿನ ನೋಟು ಬಿದ್ದುಹೋದಂತೆಯೇ.

ಗಾಂಧಿನಗರದ ವಿದ್ಯಾರ್ಥಿನಿ: ಚಿಪ್ಪಿನಲ್ಲಿ ಹಣವಿಡುವುದನ್ನು ದೋಷವೆನ್ನಲಾಗದು ಸರ್. ಪ್ರತಿ ಸಲವೂ ಸರ್ವರನ್ನು ಕೇಳಿ ಬಾಗಿಲು ತೆರೆಯುವುದಾದರೆ, ಸಿಗ್ನಲ್ ಹೋದ ಕೂಡಲೇ ಸಾಲು ಬೀದಿಗೆ ಬರುತ್ತದೆ. ದೋಷವಿರುವುದು ನಿಯಮಗಳಲ್ಲಿ. ಹಾಂಗ್‌ಕಾಂಗಿನಲ್ಲಿ 1997ರಿಂದ ಇರುವ ಆಕ್ಟೋಪಸ್ ಕಾರ್ಡಿನಲ್ಲಿ ಹಣ ಸಾಲದಿದ್ದರೂ ಕೊನೆಯ ಪ್ರಯಾಣಕ್ಕೆ ಬಿಡುತ್ತಾರೆ. ಕೊರತೆಗೆ ಮೊದಲೇ ಕಟ್ಟಿದ ಠೇವಣಿ ಆಧಾರ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಕನಿಷ್ಠ ಮೊತ್ತವಿಲ್ಲದಿದ್ದರೆ ಒಳಗೇ ಬಿಡದ ಪದ್ಧತಿಯಿದೆ.

ನಿವೃತ್ತ ನಿರ್ವಾಹಕ: ತಾವೆಲ್ಲರೂ ಮೆಟ್ರೊ ಗೇಟಿನ ಮಾತನಾಡುತ್ತಿದ್ದೀರಿ, ಬಸ್ಸಿಗೆ ಗೇಟಿಲ್ಲ. ಲಂಡನ್ನಿನ ಬಸ್ಸುಗಳಲ್ಲಿ ದೂರ ಎಷ್ಟಿದ್ದರೂ ಒಂದೇ ದರವಾದ್ದರಿಂದ ಹತ್ತುವಾಗ ಒಮ್ಮೆ ಕಾರ್ಡ್ ತಾಗಿಸಿದರೆ ಮುಗಿಯಿತು. ನಮ್ಮದು ಸ್ಟೇಜ್ ಲೆಕ್ಕದ ದರ. ಇಳಿಯುವಾಗಲೂ ತಾಗಿಸಬೇಕು, ಮರೆತರೆ ಕೊನೆಯ ನಿಲ್ದಾಣದವರೆಗಿನ ಹಣ ಕಡಿತವಾಗಬೇಕು. ಸಂತೆಯ ದಿನ ಮೋತಿ ವೃತ್ತದಲ್ಲಿ ಮೂಟೆ, ಮಕ್ಕಳ ಸಮೇತ ಇಳಿಯುವವರಿಂದ ಅದು ಸಾಧ್ಯವೇ? ಇನ್ನೊಂದು ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರಿಗೆ ಶೂನ್ಯ ಟಿಕೆಟ್ ಹರಿಯಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟುಗಳ ಲೆಕ್ಕದ ಮೇಲೆ. ಆದ್ದರಿಂದ ಕಾರ್ಡ್ ಬಂದರೂ ನಿರ್ವಾಹಕ ಇರಲೇಬೇಕು. (ಬಾಕಿ ಬರೆದುಕೊಡುವುದು ನಮಗೂ ಖುಷಿಯಲ್ಲ, ಬೆಳಗಿನ ಮೊದಲ ಟ್ರಿಪ್ಪಿನಲ್ಲೇ ಐನೂರರ ನೋಟು ಚಾಚುವವರನ್ನು ನಾನು ಇಂದಿಗೂ ಮರೆತಿಲ್ಲ.)

ಕೌಲ್‌ಬಜಾರ್ ಪ್ರಯಾಣಿಕ: ಹಾಗಾದರೆ ನನ್ನ ಬೇಡಿಕೆಯನ್ನು ತಿದ್ದಿಕೊಳ್ಳುತ್ತೇನೆ. ಇಳಿಯುವ ಜಾಗ ಹೇಳಿ ನಿರ್ವಾಹಕರ ಯಂತ್ರಕ್ಕೇ ಕಾರ್ಡ್ ಹಿಡಿಯುವಂತಿರಲಿ, ಕನಿಷ್ಠ ಮೊತ್ತದ ನಿಯಮ ಬೇಡ, ಉಳಿದ ಹಣವನ್ನು ಕೇಳಿದಾಗ ಬಸ್ ನಿಲ್ದಾಣದ ಕೌಂಟರಿನಲ್ಲಿ ಮರಳಿಸಲಿ. ಇಷ್ಟಾದರೆ ತಮ್ಮ ಆಕ್ಷೇಪವೇನು?

ಊರಿಗೆ ಮರಳಿದವನು: ಇಷ್ಟಾದರೆ ಆಕ್ಷೇಪವಿಲ್ಲ, ಆ ಮೂರನೆಯದು ಆಗುತ್ತದೆಂಬ ನಂಬಿಕೆಯೇ ನನಗಿಲ್ಲ. ಹಳೆಯ ಕಾರ್ಡ್ ಈಗಲೂ ನನ್ನ ಪಾಕೀಟಿನಲ್ಲಿದೆ, ಅದರಲ್ಲಿ ನಲವತ್ತಾರು ರೂಪಾಯಿ ಉಳಿದಿದೆ, ಅಲ್ಲಿಯ ಗೇಟು ಐವತ್ತಿಲ್ಲದೆ ತೆರೆಯುತ್ತಿರಲಿಲ್ಲ. ನಿಮ್ಮ ಎಂಟು ರೂಪಾಯಿಯನ್ನು ಕೇಳಲು ಎದುರಿಗೆ ಒಬ್ಬ ನಿರ್ವಾಹಕರಾದರೂ ಇದ್ದರು.